ಹೊಸ ಪಿಸ್ತೂಲೂ ಹಳೆಯ ಕೈಯೂ

ಪಿಸ್ತೂಲು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪತ್ತೇದಾರಿ ಕಾದಂಬರಿ, ಇಲ್ಲವೆ ಚಲಚ್ಚಿತ್ರ, ಇಲ್ಲವೆ ಪೋಲೀಸು ಅಧಿಕಾರಿಯ ಸೊಂಟದ ಪಟ್ಟಿ. ವೈಣಿಕನಿಗೆ ವೀಣೆ ಹೇಗೋ, ಅಕ್ಕಸಾಲಿಗನಿಗೆ ತಕ್ಕಡಿ ಹೇಗೋ, ಹಾಗೆ ಅದೂ ಒಂದು ನಯವಾದ ವಿದ್ಯೆಯ ಉಪಕರಣವಾಗಬಲ್ಲುದು ಎಂಬುದು ತಟ್ಟನೆ ಹೊಳೆಯುವುದಿಲ್ಲ. ಆದರೆ ೨೦೨೪ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಲ್ಲಿ ಭರತಖಂಡಕ್ಕೆ ದೊರೆತ ಆರು ಪದಕಗಳಲ್ಲಿ ಮೂರು ಗುರಿ ಹೊಡೆಯುವವರಿಂದ ಬಂದುವು. ಆ ಮೂರರಲ್ಲಿ ಎರಡು ಪಿಸ್ತೂಲಿನಿಂದಲೇ ಬಂದುವು. ಆದ್ದರಿಂದ ಈ ವಿದ್ಯೆಯ ವಿಷಯವಾಗಿ ವಿದ್ಯಾವಂತರಾದ ನಗರವಾಸಿಗಳು ಒಂದು ಇಪ್ಪತ್ತು ನಿಮಿಷ ಕಿವಿಗೊಟ್ಟರೆ ಅದು ವ್ಯರ್ಥ ಕಾಲಹರಣವಾಗಲಾರದೆಂದು ನಾವು ಭಾವಿಸುತ್ತೇವೆ.

ಈ ಹೊತ್ತು ನಾವು ಎತ್ತಿಕೊಂಡಿರುವುದು ಆ ವಿದ್ಯೆಯ ಒಂದು ಮೂಲೆಯನ್ನು ಮಾತ್ರ. ಒಬ್ಬನು ಎರಡು ಮೂರು ವರ್ಷ ಹತ್ತು ಮೀಟರಿನ ದೂರದಲ್ಲಿ ಗಾಳಿಯ ಪಿಸ್ತೂಲಿನಿಂದಲೋ, ಅಥವಾ ಚಿಕ್ಕದೊಂದು ಹಗುರವಾದ ಪಿಸ್ತೂಲಿನಿಂದಲೋ ಅಭ್ಯಾಸ ಮಾಡಿದ್ದಾನೆ. ಕೈ ಒಂದು ಹದಕ್ಕೆ ಬಂದಿದೆ. ಇಪ್ಪತ್ತೈದು ಮೀಟರಿನ ಸ್ಪರ್ಧೆಗೆ ಹೋಗಬೇಕೆಂಬ ಆಸೆ ಹುಟ್ಟಿ, ಮದ್ದು ತುಂಬಿದ ತೋಟಾ ಹಾರಿಸುವ ಪೂರ್ಣ ಪ್ರಮಾಣದ ಪಿಸ್ತೂಲೊಂದನ್ನು ತರಿಸುತ್ತಾನೆ. (ಅವನು ಎಂದಲ್ಲಿ ಅವಳೂ ಸೇರಿದಳೆಂದು ತಿಳಿಯತಕ್ಕದ್ದು, ಈ ವಿದ್ಯೆಯಲ್ಲಿ ನಮ್ಮ ಹೆಣ್ಣುಮಕ್ಕಳು ಗಂಡಸರಿಗಿಂತ ಮುಂದಾಗಿರುವ ಕಾಲವಿದು.) ಪೆಟ್ಟಿಗೆ ಬಿಚ್ಚಿದ ದಿನ ಸಂತೋಷಕ್ಕೆ ಮೇರೆಯಿಲ್ಲ. ಮರುದಿನ ಗುರಿಹಲಗೆಯ ಮುಂದೆ ನಿಂತಾಗ ಆ ಸಂತೋಷ ಇಳಿದುಹೋಗುತ್ತದೆ. ಹಳೆಯ ಪಿಸ್ತೂಲು ಒಂದೆಡೆಗೆ ಗುಂಪಾಗಿ ಕಳುಹಿಸುತ್ತಿದ್ದ ಗುಂಡುಗಳನ್ನು ಹೊಸದು ದಿಕ್ಕುದಿಕ್ಕಿಗೆ ಎರಚುತ್ತದೆ. ಎಂಟು ವಾರಗಳಲ್ಲಿ ಆಯ್ಕೆಯ ಪಂದ್ಯ. ಅಲ್ಲಿ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಪಿಸ್ತೂಲಿಗೆ ಕೊಟ್ಟ ಹಣವೂ ಅಲ್ಪವಲ್ಲ. ಹಳೆಯದಕ್ಕೆ ಹಿಂದಿರುಗಬೇಕೆ, ಹೊಸದನ್ನು ಬಿಡದೆ ಹಿಡಿಯಬೇಕೆ, ಅಥವಾ ಅದನ್ನು ಮಾರಿ ಮೂರನೆಯದನ್ನು ತರಿಸಬೇಕೆ? ಈ ಇಕ್ಕಟ್ಟಿಗೆ ಸಿಕ್ಕಿದವರನ್ನು ನಾವು ಹಲವರನ್ನು ನೋಡಿದ್ದೇವೆ. ಅವರಲ್ಲಿ ಬಹುಮಂದಿ ಮೂರನೆಯ ದಾರಿಯನ್ನೇ ಹಿಡಿಯುತ್ತಾರೆ. ಅದೇ ಕೆಟ್ಟ ದಾರಿ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ದೇಶದಲ್ಲಿ ೧೯೫೯ರ ಶಸ್ತ್ರಾಸ್ತ್ರಗಳ ಕಾಯಿದೆಗೆ ಒಳಪಟ್ಟಲ್ಲದೆ ಇಂತಹ ಪಿಸ್ತೂಲನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಪರವಾನಗಿ, ಬೀಗವಿರುವ ಪೆಟ್ಟಿಗೆ, ಗುರಿಮನೆಯ ಅಧಿಕಾರಿಯ ಅಪ್ಪಣೆ, ಇವೆಲ್ಲ ಇದ್ದ ಮೇಲೆಯೇ ಉಳಿದ ಮಾತು. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆಗಿರಬೇಕು; ತೋಟಾ ಇಲ್ಲವೆಂದು ತಿಳಿದಿದ್ದರೂ ಇದೆಯೆಂದೇ ನಡೆದುಕೊಳ್ಳಬೇಕು. ಹೊಸ ಪಿಸ್ತೂಲಿನ ಮಟ್ಟಿಗೆ ಇದು ಇನ್ನೂ ಅವಶ್ಯಕ. ಏಕೆಂದರೆ ಅದರ ತಡೆಗುಂಡಿಗಳು ಹಳೆಯದರಲ್ಲಿದ್ದ ಸ್ಥಳದಲ್ಲಿ ಇರುವುದಿಲ್ಲ, ಬೆರಳು ಮಾತ್ರ ಹಳೆಯ ಸ್ಥಳಕ್ಕೇ ಹೋಗುತ್ತದೆ.

ಪೂರ್ಣ ಪ್ರಮಾಣ ಎಂದರೆ ಎಷ್ಟು? ಇದಕ್ಕೆ ಅಂತರರಾಷ್ಟ್ರೀಯ ನಿಯಮಗಳು ಖಚಿತವಾದ ಅಳತೆಯನ್ನು ಇಟ್ಟಿವೆ. ಇಪ್ಪತ್ತೈದು ಮೀಟರಿನ ಪಿಸ್ತೂಲು ೧೪೦೦ ಗ್ರಾಂ ತೂಕವನ್ನು ಮೀರಕೂಡದು. ನಳಿಗೆ ೧೫೩ ಮಿಲಿಮೀಟರನ್ನು ಮೀರಕೂಡದು. ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವಣ ಅಂತರ ೨೨೦ ಮಿಲಿಮೀಟರಿಗಿಂತ ಹೆಚ್ಚಾಗಕೂಡದು. ಇಡೀ ಪಿಸ್ತೂಲು ೩೦೦ ಮಿಲಿಮೀಟರು ಉದ್ದ, ೧೫೦ ಎತ್ತರ, ೫೦ ದಪ್ಪದ ಒಂದು ಪೆಟ್ಟಿಗೆಯೊಳಗೆ ಕೂರಬೇಕು. ಟ್ರಿಗರನ್ನು ಎಳೆಯಲು ಬೇಕಾಗುವ ಭಾರ ೧೦೦೦ ಗ್ರಾಮಿಗೆ ಕಡಿಮೆಯಿರಕೂಡದು. ಗಾಳಿಯ ಪಿಸ್ತೂಲಿಗೆ ಈ ಭಾರ ೫೦೦ ಗ್ರಾಂ ಇದ್ದರೆ ಸಾಕು. ಅಂದರೆ ಹಳೆಯ ಬೆರಳು ಒಂದೇ ದಿನದಲ್ಲಿ ಎರಡರಷ್ಟು ಕೆಲಸ ಮಾಡಬೇಕಾಗಿ ಬರುತ್ತದೆ. ಸೈಟು ಎಂದೊಡನೆ ಬೆಂಗಳೂರಿನ ಕೇಳುಗರ ಮನಸ್ಸು ಬೇರೆ ಕಡೆಗೆ ಹೋದೀತು. ನಾವು ಹೇಳುತ್ತಿರುವುದು ನಳಿಗೆಯ ಮೇಲೆ ಮುಂದೊಂದು ಹಿಂದೊಂದು ಇರುವ ನೋಟದ ಗುರುತುಗಳನ್ನು. ಅವುಗಳ ಅಳತೆಯಲ್ಲಿಯೂ ಒಂದು ಕೂದಲಿನ ಹೆಚ್ಚುಕಡಮೆಗೆ ವ್ಯಾಜ್ಯ ಹೂಡುವವರಿದ್ದಾರೆ.

ಮೊದಲು ಪಳಗಬೇಕಾದದ್ದು ಅಂಗೈ. ಚಿಕ್ಕ ಪಿಸ್ತೂಲನ್ನು ಹಿಡಿದ ಕೈಯಲ್ಲಿ ಕಿರುಬೆರಳಿಗೆ ಬಹುಸಲ ಆಸರೆಯೇ ಇರುವುದಿಲ್ಲ. ಅದು ಹಿಡಿಯ ಕೆಳಗೆ ತೂಗಾಡುತ್ತಿರುತ್ತದೆ. ಪೂರ್ಣ ಪ್ರಮಾಣದ ಪಿಸ್ತೂಲಿನಲ್ಲಿ ಎಲ್ಲ ಬೆರಳುಗಳಿಗೂ ಸ್ಥಳವುಂಟು. ಇದು ಅನುಕೂಲವೇ ಸರಿ, ಆದರೆ ಸ್ಥಳ ದೊರೆತ ಕಿರುಬೆರಳು ತನಗೂ ಒಂದು ಅಧಿಕಾರ ಬಂದಿತೆಂದು ಭಾವಿಸಿ ಹಿಂಡಲು ತೊಡಗುತ್ತದೆ. ಕಿರುಬೆರಳು ಹಿಂಡಿದರೆ ನಳಿಗೆಯ ಮೂತಿ ಕೆಳಕ್ಕೆ ಬಾಗುತ್ತದೆ. ಹೆಬ್ಬೆರಳು ಒತ್ತಿದರೆ ಪಕ್ಕಕ್ಕೆ ಸರಿಯುತ್ತದೆ. ನಡುಬೆರಳು ಉಂಗುರದ ಬೆರಳು ಎರಡೇ ಹಿಡಿಯನ್ನು ನೇರವಾಗಿ ಅಂಗೈಯ ಕಡೆಗೆ ಒತ್ತಬೇಕು. ಉಳಿದವು ಸುಮ್ಮನೆ ಇರಬೇಕು. ತೋರುಬೆರಳಂತೂ ಹಿಡಿಯ ಮರವನ್ನು ಸೋಕಲೇಕೂಡದು. ಅದರ ಸೇವೆ ಟ್ರಿಗರಿಗೆ ಮಾತ್ರ ಮೀಸಲು.

ಸ್ಪರ್ಧೆಯ ಪಿಸ್ತೂಲಿಗೆ ಮರದ ಹಿಡಿ ಇರುವುದು ವಾಡಿಕೆ. ಕಾರ್ಖಾನೆಯವರು ಸಣ್ಣದು, ನಡುವಣದು, ದೊಡ್ಡದು ಎಂದು ಮೂರು ನಾಲ್ಕು ಅಳತೆಗಳಲ್ಲಿ ಕೆತ್ತಿ ಕಳುಹಿಸುತ್ತಾರೆ. ಆದರೆ ಪ್ರಪಂಚದಲ್ಲಿ ಕೈಗಳು ಮೂರು ನಾಲ್ಕು ಅಳತೆಯವಲ್ಲ. ಅಂಗೈಗೆ ಸೀಮೆಸುಣ್ಣದ ಪುಡಿಯನ್ನು ಹಚ್ಚಿಕೊಂಡು ಹಿಡಿಯನ್ನು ಒಮ್ಮೆ ಹಿಡಿದು ಬಿಟ್ಟರೆ ಎಲ್ಲಿ ತಾಗಿದೆ, ಎಲ್ಲಿ ತಾಗಿಲ್ಲ ಎಂಬುದು ಮರದ ಮೇಲೆ ಮೂಡುತ್ತದೆ. ತಾಗದ ಕಡೆ ಮರದ ಪುಡಿಯ ಅಂಟನ್ನು ತುಂಬಬೇಕು. ಒತ್ತುವ ಕಡೆ ಅರದಿಂದ ಉಜ್ಜಬೇಕು. ಇದು ಬಡಗಿಯ ಕೆಲಸವಾದರೂ ಬಡಗಿಗೆ ಒಪ್ಪಿಸತಕ್ಕದ್ದಲ್ಲ, ಗುರಿಗಾರನು ತಾನೇ ಮಾಡಬೇಕು; ನೋವು ಎಲ್ಲಿದೆಯೆಂದು ಬಲ್ಲವನು ಅವನೊಬ್ಬನೇ. ಉಜ್ಜುವಾಗ ಅವಸರ ಕೂಡದು. ತೆಗೆದ ಮರ ಮತ್ತೆ ಬಾರದು. ಮಣಿಕಟ್ಟಿಗೆ ಆಸರೆಯಾಗುವಂತೆ ಹಿಡಿಯನ್ನು ಹಿಂದಕ್ಕೆ ಬೆಳೆಸಲು ನಿಯಮದಲ್ಲಿ ಅವಕಾಶವಿಲ್ಲ. ಮಣಿಕಟ್ಟು ಬಿಡುವಾಗಿ ಕಾಣುತ್ತಿರಬೇಕು.

ಹಿಡಿಯ ಓರೆ ಎಂಬುದು ಇನ್ನೂ ಸೂಕ್ಷ್ಮವಾದ ವಿಷಯ. ನಳಿಗೆಗೂ ಹಿಡಿಗೂ ನಡುವಣ ಕೋನ ಪಿಸ್ತೂಲಿನಿಂದ ಪಿಸ್ತೂಲಿಗೆ ಭೇದಿಸುತ್ತದೆ. ಹಳೆಯ ಪಿಸ್ತೂಲಿನ ಕೋನವನ್ನು ಮಣಿಕಟ್ಟು ಕಲಿತುಬಿಟ್ಟಿರುತ್ತದೆ. ಕಣ್ಣು ಮುಚ್ಚಿ ತೋಳೆತ್ತಿದರೂ ಮುಂದಿನ ಸೈಟು ಹಿಂದಿನ ಸೈಟಿನ ಸಂದಿನಲ್ಲಿ ಬಂದು ಕೂರುತ್ತದೆ. ಹೊಸದನ್ನು ಎತ್ತಿದಾಗ ಮುಂದಿನ ಸೈಟು ಎಲ್ಲೋ ಮೇಲೆ ತೇಲುತ್ತಿರುತ್ತದೆ, ಇಲ್ಲವೆ ಕೆಳಗೆ ಮುಳುಗಿರುತ್ತದೆ. ಇದರ ವಿಷಯದಲ್ಲಿ ಅಮೆರಿಕದ ಸೈನ್ಯದ ಅನುಭವ ಬಹು ಸ್ವಾರಸ್ಯವಾದದ್ದು. ಜಾನ್ ಬ್ರೌನಿಂಗ್ ಎಂಬ ಪ್ರಸಿದ್ಧ ಕಲ್ಪಕನು ರಚಿಸಿದ ಕೋಲ್ಟ್ ಪಿಸ್ತೂಲನ್ನು ಆ ಸೈನ್ಯ ೧೯೧೧ರಲ್ಲಿ ಅಂಗೀಕರಿಸಿತು. ಸುಮಾರು ೧೨೭ ಮಿಲಿಮೀಟರು ನಳಿಗೆ, ಬರಿದಾಗಿದ್ದಾಗ ಒಂದು ಕಿಲೋಗ್ರಾಮಿಗೂ ಮೇಲ್ಪಟ್ಟ ತೂಕ; ಪೂರ್ಣ ಪ್ರಮಾಣದ ಪಿಸ್ತೂಲಿಗೆ ಇಂದಿಗೂ ಅದನ್ನೇ ಮಾದರಿಯಾಗಿ ಹೇಳುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಹಿಡಿದವರ ಅನುಭವವನ್ನು ನೋಡಿ, ೧೯೨೦ರ ದಶಕದಲ್ಲಿ ಹಿಡಿಯ ಹಿಂಬದಿಯನ್ನು ಬೆನ್ನು ಉಬ್ಬಿದಂತೆ ಮಾಡಿದರು. ಮೂತಿ ಕೆಳಕ್ಕೆ ಬೀಳದೆ ತಾನಾಗಿ ಮೇಲೇಳಲೆಂಬುದು ಉದ್ದೇಶ. ಚಿಕ್ಕ ಕೈಯವರಿಗೂ ಎಟಕಲೆಂದು ಟ್ರಿಗರನ್ನು ಗಿಡ್ಡಮಾಡಿದರು. ಅಷ್ಟಾದ ಮೇಲೆ, ಅದೇ ಪಿಸ್ತೂಲನ್ನು ಹಿಡಿದು ಸ್ಪರ್ಧೆಗೆ ಹೋದ ಎಷ್ಟೋ ಮಂದಿ ಗುರಿಗಾರರು ಉಬ್ಬು ಬೆನ್ನನ್ನು ಬಿಚ್ಚಿ ಚಪ್ಪಟೆಯದನ್ನೇ ಮತ್ತೆ ಹಾಕಿಸಿಕೊಂಡರು! ಸೈನ್ಯಕ್ಕೆ ಲಕ್ಷಾಂತರ ಕೈಗಳಿಗೆ ಹೊಂದುವ ಒಂದು ಹಿಡಿ ಬೇಕು. ಸ್ಪರ್ಧಿಗೆ ಒಂದು ಕೈಗೆ ಹೊಂದುವ ಹಿಡಿ ಬೇಕು.

ಅಂಗೈಯ ತರುವಾಯ ಕಣ್ಣು. ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮರವನ್ನೂ ಕೊಂಬೆಯನ್ನೂ ಕಾಣದೆ ಹಕ್ಕಿಯ ತಲೆಯನ್ನೇ ಕಂಡ ಅರ್ಜುನನು ಗೆದ್ದನು. ಬಿಲ್ಲುಗಾರನಿಗೆ ಆ ಪಾಠ ಸರಿಯಿರಬಹುದು. ಪಿಸ್ತೂಲು ಹಿಡಿದವನು ಹಕ್ಕಿಯನ್ನೇ ನೋಡಿದರೆ ಕೆಟ್ಟನು. ಮನುಷ್ಯನ ಕಣ್ಣು ಒಂದೇ ಕಾಲದಲ್ಲಿ ಮೂರು ದೂರಗಳನ್ನು ಸ್ಪಷ್ಟವಾಗಿ ಕಾಣಲಾರದು. ಹಿಂದಿನ ಸೈಟು, ಮುಂದಿನ ಸೈಟು, ಗುರಿ, ಈ ಮೂರರಲ್ಲಿ ಒಂದನ್ನು ಮಾತ್ರ ತಿಳಿಯಾಗಿ ನೋಡಬಲ್ಲುದು. ಆ ಒಂದು ಮುಂದಿನ ಸೈಟಾಗಿರಬೇಕು. ಗುರಿಯ ಕಪ್ಪು ವೃತ್ತ ಮಂಜಿನಲ್ಲಿ ಕಂಡಂತೆ ಮಸುಕಾಗಿದ್ದರೆ ಚಿಂತೆಯಿಲ್ಲ.

ಇದಕ್ಕೆ ಕಾರಣ ಸಾಮಾನ್ಯ ಗಣಿತ. ಸೈಟುಗಳ ಅಂತರ ೨೨೦ ಮಿಲಿಮೀಟರು, ಗುರಿಯ ದೂರ ೨೫ ಮೀಟರು ಎಂದಿಟ್ಟುಕೊಳ್ಳಿ. ಮುಂದಿನ ಸೈಟು ಸಂದಿನ ನಡುವಿನಿಂದ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದಿದ್ದರೆ ಗುಂಡು ಹನ್ನೊಂದು ಸೆಂಟಿಮೀಟರಿಗೂ ಹೆಚ್ಚಾಗಿ ಪಕ್ಕಕ್ಕೆ ಹೋಗುತ್ತದೆ; ನಾಲ್ಕು ವೃತ್ತಗಳನ್ನು ದಾಟಿ ಹತ್ತರಲ್ಲಿ ಬೀಳಬೇಕಾದದ್ದು ಐದು ಆರರಲ್ಲಿ ಬೀಳುತ್ತದೆ. ಆದರೆ ಸೈಟುಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡೇ ಇದ್ದು, ಇಡೀ ಕೈ ಒಂದು ಸೆಂಟಿಮೀಟರು ಆಚೀಚೆ ಓಲಾಡಿದರೆ ಗುಂಡು ಒಂದು ಸೆಂಟಿಮೀಟರು ಮಾತ್ರ ಸರಿಯುತ್ತದೆ. ಹತ್ತರ ವೃತ್ತದ ವ್ಯಾಸ ೫೦ ಮಿಲಿಮೀಟರಾದುದರಿಂದ ಅದು ಹತ್ತಾಗಿಯೇ ಉಳಿಯುತ್ತದೆ. ಹೊಸಬರು ಕೈಯ ಓಲಾಟಕ್ಕೆ ಹೆದರುತ್ತಾರೆ, ಸೈಟಿನ ಓರೆಗೆ ಹೆದರುವುದಿಲ್ಲ. ಹೆದರಿಕೆ ಅದಲುಬದಲಾಗಬೇಕು. ಪೂರ್ಣ ಪ್ರಮಾಣದ ಪಿಸ್ತೂಲಿನ ದೊಡ್ಡ ಲಾಭವೂ ಇದೇ ಲೆಕ್ಕದಲ್ಲಿದೆ: ಜೇಬಿನ ಪಿಸ್ತೂಲಿನಲ್ಲಿ ಸೈಟುಗಳ ಅಂತರ ೧೧೦ ಮಿಲಿಮೀಟರಾದರೆ ಅದೇ ಒಂದು ಮಿಲಿಮೀಟರಿನ ತಪ್ಪಿಗೆ ದಂಡ ಇಮ್ಮಡಿ. ಚಿಕ್ಕದು ಕಲಿಯಲು ಸುಲಭವೆಂದು ತಿಳಿದವರು ಇದನ್ನು ಯೋಚಿಸುವುದು ಒಳ್ಳೆಯದು.

ಹಾಗೆಯೇ ಕಪ್ಪು ಸೈಟನ್ನು ಕಪ್ಪು ವೃತ್ತದ ನಡುವೆ ಇಟ್ಟರೆ ಕಪ್ಪಿನಲ್ಲಿ ಕಪ್ಪು ಮುಳುಗಿಹೋಗುತ್ತದೆ. ಆದ್ದರಿಂದ ನಿಧಾನದ ಗುರಿಯಲ್ಲಿ ಅನೇಕರು ಗಡಿಯಾರದ ಆರು ಗಂಟೆಯ ಸ್ಥಾನದಲ್ಲಿ, ವೃತ್ತದ ಕೆಳಗಣ ಬಿಳುಪಿನಲ್ಲಿ, ಸೈಟನ್ನು ನಿಲ್ಲಿಸಿ ಹೊಡೆಯುತ್ತಾರೆ. ಗುಂಡು ಮೇಲೆ ನಡುವಿಗೆ ಬೀಳುವಂತೆ ಹಿಂದಿನ ಸೈಟನ್ನು ತಿದ್ದಿಕೊಂಡಿರುತ್ತಾರೆ.

ಈಗ ಟ್ರಿಗರು. ಸ್ಪರ್ಧೆಗೆ ಮುಂಚೆ ಪರೀಕ್ಷಕರು ನಳಿಗೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರಿಗೆ ಒಂದು ಕಿಲೋಗ್ರಾಮಿನ ತೂಕದ ಬೊಡ್ಡೆಯನ್ನು ನೇತುಹಾಕಿ ಎತ್ತುತ್ತಾರೆ. ಕುದುರೆ ಬೀಳದೆ ಬೊಡ್ಡೆ ನೆಲದಿಂದ ಮೇಲೆದ್ದರೆ ಪಿಸ್ತೂಲು ತೇರ್ಗಡೆಯಾಯಿತು. ಆ ಭಾರವೆಂದರೆ ಒಂದು ಲೀಟರು ನೀರಿನ ಭಾರ. ಪಿಸ್ತೂಲಿನ ತೂಕವೂ ಹೆಚ್ಚುಕಡಮೆ ಅಷ್ಟೇ. ತನ್ನಷ್ಟೇ ತೂಕದ ಎಳೆತಕ್ಕೆ ಪಿಸ್ತೂಲು ಅಲುಗದೆ ಇರಬೇಕೆಂದರೆ ಆ ಎಳೆತ ಎಷ್ಟು ನೇರವಾಗಿರಬೇಕು! ಬೆರಳಿನ ಮೊದಲ ಗೆಣ್ಣಿನ ಮೆತ್ತೆಯಿಂದ, ನಳಿಗೆಯ ಉದ್ದಕ್ಕೆ ಸಮವಾಗಿ, ಭಾರವನ್ನು ಮೆಲ್ಲನೆ ಕೂಡಿಸುತ್ತ ಹೋಗಬೇಕು. ಸೈಟುಗಳು ಸರಿಯಾಗಿ ಕಂಡ ಗಳಿಗೆಯಲ್ಲಿ "ಈಗ!" ಎಂದು ಕಿತ್ತರೆ ಬಲಗೈಯವನ ಗುಂಡು ಕೆಳಗೆ ಎಡಕ್ಕೆ ಹೋಗಿ ಬೀಳುತ್ತದೆ. ಗಾಳಿಯ ಪಿಸ್ತೂಲಿನ ೫೦೦ ಗ್ರಾಮಿಗೆ ಒಗ್ಗಿದ ಬೆರಳು ಹೊಸದರಲ್ಲಿ ಅರ್ಧ ದಾರಿಗೆ ಬಂದು ನಿಂತುಬಿಡುತ್ತದೆ. ಅಷ್ಟು ಹೊತ್ತಿಗೆ ಗುಂಡು ಹೋಗಿರಬೇಕಾಗಿತ್ತೆಂದು ಅದರ ಎಣಿಕೆ. ಆ ನಿಂತ ಗಳಿಗೆಯಲ್ಲಿ ಮನಸ್ಸು ಗಾಬರಿಗೊಳ್ಳುತ್ತದೆ, ಉಳಿದರ್ಧವನ್ನು ಒಂದೇ ಸಲ ಎಳೆದುಬಿಡುತ್ತದೆ. ಹೊಸ ಪಿಸ್ತೂಲಿನ ಮೊದಲ ತಿಂಗಳಿನ ಕೆಟ್ಟ ಗುಂಡುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆಂದು ನಮ್ಮ ಅಭಿಪ್ರಾಯ.

ಉಳಿದ ಕೆಟ್ಟ ಗುಂಡುಗಳು ಹುಟ್ಟುವುದು ಭಯದಿಂದ. ಗಾಳಿಯ ಪಿಸ್ತೂಲು ಒದೆಯುವುದಿಲ್ಲವೆಂದೇ ಹೇಳಬಹುದು. ಪಾಯಿಂಟು ಇಪ್ಪತ್ತೆರಡು ಎಂಬ ಸಣ್ಣ ತೋಟಾದ ಗುಂಡು ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಅದರ ಒದೆತ ಮೆಲ್ಲಗೆ ತಟ್ಟಿದಂತೆ. ಪಾಯಿಂಟು ಮೂವತ್ತೆಂಟರ ಗುರಿಗುಂಡು ಒಂಬತ್ತೂವರೆ ಗ್ರಾಮಿಗೂ ಹೆಚ್ಚು. ವೇಗ ಕಡಿಮೆಯಾದರೂ ಕೈಗೆ ಬರುವ ನೂಕು ಸಣ್ಣದರ ಎರಡೂವರೆಯಷ್ಟಾಗುತ್ತದೆ. ಆದರೆ ಇಲ್ಲೊಂದು ವಿಚಿತ್ರವುಂಟು. ಮದ್ದು ಹತ್ತಿದ ಮೇಲೆ ಗುಂಡು ನಳಿಗೆಯನ್ನು ಬಿಟ್ಟುಹೋಗಲು ಬೇಕಾಗುವ ಕಾಲ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು. ಪಿಸ್ತೂಲಿನ ಮೂತಿ ಮೇಲಕ್ಕೆ ಹಾರುವುದೆಲ್ಲ ಬಹುಮಟ್ಟಿಗೆ ಗುಂಡು ಹೋದ ಮೇಲೆಯೇ. ಮನುಷ್ಯನ ನರಗಳಂತೂ ಅಷ್ಟು ಬೇಗ ಬೆಚ್ಚಲಾರವು. ಹಾಗಾದರೆ ಬೆಚ್ಚಿ ಗುರಿ ತಪ್ಪಿದೆವೆನ್ನುವವರು ಬೆಚ್ಚಿದ್ದು ಯಾವಾಗ? ಗುಂಡು ಹಾರುವ ಮುಂಚೆ. ಕೈ ಹೆದರಿದ್ದು ಆದ ಒದೆತಕ್ಕಲ್ಲ, ಆಗಲಿರುವ ಒದೆತಕ್ಕೆ.

ಇದನ್ನು ಬಯಲಿಗೆಳೆಯಲು ಹಳೆಯದೊಂದು ಉಪಾಯವಿದೆ. ಸ್ನೇಹಿತನೊಬ್ಬನು ನಾವು ನೋಡದಂತೆ ಮ್ಯಾಗಜೀನಿನಲ್ಲಿ ನಿಜವಾದ ತೋಟಾಗಳ ನಡುವೆ ಒಂದೆರಡು ಹುಸಿ ತೋಟಾಗಳನ್ನು ಸೇರಿಸಿ ಕೊಡಬೇಕು. ಹುಸಿಯದು ಬಂದಾಗ ಶಬ್ದವಿಲ್ಲ, ಒದೆತವಿಲ್ಲ; ಆದರೂ ಮೂತಿ ತಲೆಬಾಗಿ ನಮಸ್ಕಾರ ಮಾಡುತ್ತದೆ. ಎದುರಿಗೆ ಶತ್ರುವಿಲ್ಲದೆ ನಡೆದ ಈ ಶರಣಾಗತಿಯನ್ನು ಕಂಡು ನಗದಿರುವವರು ಕಡಿಮೆ. ನಕ್ಕರೆ ಅರ್ಧ ವಾಸಿಯಾದಂತೆ. ಕಿವಿಗೆ ಹತ್ತಿಯ ಬದಲು ಒಳ್ಳೆಯ ಮುಚ್ಚಿಗೆಗಳನ್ನು ಹಾಕಿಕೊಂಡರೆ ಇನ್ನೊಂದು ಪಾಲು ವಾಸಿಯಾಗುತ್ತದೆ. ಏಕೆಂದರೆ ನಾವು ಒದೆತವೆಂದು ತಿಳಿದುಕೊಂಡದ್ದರಲ್ಲಿ ಬಹುಭಾಗ ಶಬ್ದವೇ ಆಗಿರುತ್ತದೆ.

ಹಾಗಾದರೆ ಅಭ್ಯಾಸ ಹೇಗಿರಬೇಕು? ಮೊದಲ ಎರಡು ವಾರ ತೋಟಾದ ಪೆಟ್ಟಿಗೆಯನ್ನು ಮುಟ್ಟದಿರುವುದೇ ಲೇಸು. ಬರಿಯ ಪಿಸ್ತೂಲನ್ನು ಹಿಡಿದು, ಅದು ಬರಿದೆಂದು ಎರಡು ಸಲ ನೋಡಿಕೊಂಡು, ಬಿಳಿಯ ಗೋಡೆಯೊಂದರ ಮುಂದೆ ನಿಲ್ಲಬೇಕು. ಗೋಡೆಯ ಮೇಲೆ ಗುರಿಯ ಚಿತ್ರ ಬೇಡ. ಗುರಿಯಿಲ್ಲದಿದ್ದರೆ ಕಣ್ಣು ಸೈಟನ್ನು ಬಿಟ್ಟು ಹೋಗಲು ಬೇರೆ ಸ್ಥಳವಿರುವುದಿಲ್ಲ. ತೋಳನ್ನೆತ್ತುವುದು, ಟ್ರಿಗರನ್ನು ಮೆಲ್ಲನೆ ಎಳೆಯುವುದು, ಕುದುರೆ ಬಿದ್ದಾಗ ಮುಂದಿನ ಸೈಟು ಅಲುಗಿತೋ ಇಲ್ಲವೋ ನೋಡುವುದು. ದಿನಕ್ಕೆ ಅರ್ಧ ಗಂಟೆ ಸಾಕು. ಸಂಗೀತಗಾರರು ಬೆಳಗಿನ ಜಾವದಲ್ಲಿ ಸರಳೆ ವರಸೆ ಹಾಡಿದಂತೆ ಇದು. ಕೇಳುವವರಿಗೆ ಬೇಸರ, ಮಾಡುವವನಿಗೆ ಪ್ರಾಣ. ಆದರೆ ಅಂಚಿನಲ್ಲಿ ಮದ್ದಿರುವ ಸಣ್ಣ ತೋಟಾದ ಪಿಸ್ತೂಲನ್ನು ಹಾಗೆ ಬರಿದಾಗಿ ಹೊಡೆದರೆ ಒಳಗಣ ಮುಳ್ಳು ಕೋಣೆಯ ಅಂಚಿಗೆ ಬಡಿದು ಗಾಯಮಾಡುವ ಸಂಭವವುಂಟು. ಹಾರಿಸಿದ ತೋಟಾದ ಬರಿಯ ಚಿಪ್ಪೊಂದನ್ನು ಒಳಗಿಟ್ಟುಕೊಳ್ಳಬೇಕು.

ನಿಲುವನ್ನೂ ಈ ದಿನಗಳಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಕಣ್ಣು ಮುಚ್ಚಿ ತೋಳೆತ್ತಿ, ತೋಳು ತಾನಾಗಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ಬಿಟ್ಟು ಕಣ್ಣು ತೆರೆಯಬೇಕು. ಸೈಟು ಗುರಿಯ ಎಡಕ್ಕೋ ಬಲಕ್ಕೋ ಇದ್ದರೆ ತೋಳನ್ನು ಎಳೆಯಕೂಡದು, ಹಿಂದಿನ ಕಾಲನ್ನು ಸ್ವಲ್ಪ ಸರಿಸಬೇಕು. ತೂಕ ಹೆಚ್ಚಾದ ಪಿಸ್ತೂಲಿಗೆ ಹಳೆಯ ನಿಲುವು ಎಷ್ಟೋ ಸಲ ಹೊಂದುವುದಿಲ್ಲ. ಎತ್ತಿದ ತೋಳು ಏಳೆಂಟು ಸೆಕೆಂಡು ಕಳೆದ ಮೇಲೂ ಸಮಾಧಾನಕ್ಕೆ ಬಾರದಿದ್ದರೆ ಇಳಿಸಿಬಿಡಬೇಕು. ಇಳಿಸಲು ಕಲಿಯುವುದು ಹೊಡೆಯಲು ಕಲಿಯುವುದಕ್ಕಿಂತ ಕಷ್ಟ. ನಿಧಾನದ ಭಾಗದಲ್ಲಿ ಐದು ಗುಂಡಿಗೆ ಐದು ನಿಮಿಷ ಕೊಡುತ್ತಾರೆ. ಇಳಿಸಿ ಮತ್ತೆ ಎತ್ತಲು ಬೇಕಾದಷ್ಟು ಕಾಲವುಂಟು. ವೇಗದ ಭಾಗದಲ್ಲಿ ಮಾತ್ರ ಆ ಸೌಕರ್ಯವಿಲ್ಲ. ಅಲ್ಲಿ ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ. ಓರೆಯಾಗಿ ಕೆಳಗಿಳಿಸಿದ್ದ ತೋಳನ್ನು ಎತ್ತಿ ಒಂದೇ ಗುಂಡನ್ನು ಹಾರಿಸಬೇಕು. ಹಿಡಿಯ ಓರೆಯನ್ನು ಮಣಿಕಟ್ಟು ಕಲಿತಿದೆಯೋ ಇಲ್ಲವೋ ಎಂಬುದು ಈ ಮೂರು ಸೆಕೆಂಡುಗಳಲ್ಲಿ ತಿಳಿದುಹೋಗುತ್ತದೆ.

ತೋಟಾ ಹಾರಿಸಲು ತೊಡಗಿದ ಮೇಲೆ ಬರುವ ದೊಡ್ಡ ಆಪತ್ತು ತಿರುಪುಳಿ. ಹಿಂದಿನ ಸೈಟಿನಲ್ಲಿ ಎರಡು ತಿರುಪುಗಳಿರುತ್ತವೆ. ಒಂದು ಮೇಲೆ ಕೆಳಗೆ, ಒಂದು ಎಡಕ್ಕೆ ಬಲಕ್ಕೆ. ಗುಂಡು ಹೋಗಬೇಕೆಂದ ದಿಕ್ಕಿಗೆ ಹಿಂದಿನ ಸೈಟನ್ನು ಸರಿಸಬೇಕೆಂಬುದು ಸೂತ್ರ. ಸೂತ್ರ ಸುಲಭ, ಸುಲಭವಾದುದರಿಂದಲೇ ಅಪಾಯ. ಒಂದು ಗುಂಡು ಎಡಕ್ಕೆ ಬಿದ್ದರೆ ಬಲಕ್ಕೆ ಎರಡು ಸುತ್ತು, ಮುಂದಿನದು ಬಲಕ್ಕೆ ಬಿದ್ದರೆ ಎಡಕ್ಕೆ ಮೂರು ಸುತ್ತು, ಹೀಗೆ ಸಂಜೆಯವರೆಗೆ ತಿರುಪುತ್ತ ಹೋಗುವವರು ಕೊನೆಗೆ ತಪ್ಪು ಕೈಯಲ್ಲಿದೆಯೋ ಪಿಸ್ತೂಲಿನಲ್ಲಿದೆಯೋ ಎಂಬುದನ್ನೇ ತಿಳಿಯಲಾರದವರಾಗುತ್ತಾರೆ. ಹತ್ತು ಗುಂಡಿಗೆ ಕಡಿಮೆಯಿಲ್ಲದೆ, ಸಾಧ್ಯವಾದರೆ ಎರಡು ಮೂರು ದಿನ ಬೇರೆ ಬೇರೆಯಾಗಿ ಹತ್ತು ಹತ್ತು ಹಾರಿಸಿ, ಆ ಗುಂಪಿನ ನಡುವೆಲ್ಲಿದೆಯೆಂದು ಗುರುತಿಸಿ, ಆಗ ಒಮ್ಮೆ ತಿದ್ದಬೇಕು. ಗುಂಪು ಚದರಿದ್ದರೆ ತಿರುಪನ್ನು ಮುಟ್ಟುವುದರಲ್ಲಿ ಅರ್ಥವೇ ಇಲ್ಲ. ಒಂದೇ ಸಲಕ್ಕೆ ಹಿಡಿಯನ್ನು ಉಜ್ಜಿ, ಸೈಟನ್ನು ತಿರುಗಿಸಿ, ಟ್ರಿಗರಿನ ಭಾರವನ್ನೂ ಬದಲಾಯಿಸಿದವನಿಗೆ ಫಲ ಒಳ್ಳೆಯದಾದರೂ ಯಾವುದರಿಂದಾಯಿತೆಂದು ತಿಳಿಯದು. ಒಂದು ನೋಟುಬುಕ್ಕು, ದಿನಕ್ಕೊಂದೇ ಬದಲಾವಣೆ. ನಾವು ಕಂಡಂತೆ ಈ ಶಿಸ್ತನ್ನು ಪಾಲಿಸಿದವರು ಮೂರನೆಯ ಪಿಸ್ತೂಲನ್ನು ಕೊಳ್ಳಲು ಹೊರಡುವುದಿಲ್ಲ.

ಪಿಸ್ತೂಲನ್ನು ಬದಲಾಯಿಸುವುದೇ ಇಷ್ಟು ಕಷ್ಟವಾದರೆ, ಕೈಯನ್ನೇ ಬದಲಾಯಿಸಬೇಕಾದವನ ಪಾಡೇನು? ಹಂಗೆರಿ ದೇಶದ ಕಾರೊಯ್ ತಾಕಾಚ್ ಎಂಬವನ ಚರಿತ್ರೆ ಇಲ್ಲಿ ನೆನೆಯತಕ್ಕದ್ದು. ೧೯೧೦ರಲ್ಲಿ ಹುಟ್ಟಿದ ಅವನು ಸೈನ್ಯದಲ್ಲಿ ಸಾರ್ಜೆಂಟನಾಗಿದ್ದನು; ಪಿಸ್ತೂಲಿನಲ್ಲಿ ನಿಸ್ಸೀಮ. ೧೯೩೬ರ ಒಲಿಂಪಿಕ್ ತಂಡಕ್ಕೆ ಅವನನ್ನು ಸೇರಿಸಲಿಲ್ಲ, ಏಕೆಂದರೆ ಅಧಿಕಾರಿಯ ಪದವಿಯವರಿಗೆ ಮಾತ್ರ ಅಲ್ಲಿ ಸ್ಥಳ. ಆ ನಿರ್ಬಂಧ ತೊಲಗಿದ ಬಳಿಕ, ೧೯೩೮ರಲ್ಲಿ, ಸೈನಿಕ ಅಭ್ಯಾಸದ ಕಾಲದಲ್ಲಿ ಕೈಬಾಂಬೊಂದು ಅವನ ಬಲಗೈಯಲ್ಲಿಯೇ ಸಿಡಿಯಿತು. ಬಲಗೈ ಹೋಯಿತು. ಏಕಲವ್ಯನಿಗೆ ಹೆಬ್ಬೆರಳಾದರೂ ಗುರುದಕ್ಷಿಣೆಯಾಗಿ ಹೋಯಿತು. ಇವನದು ಯಾರಿಗೂ ಬೇಡದೆ ಹೋಯಿತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹೊರಬಂದವನು ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸಕ್ಕೆ ತೊಡಗಿದನು. ನಾವು ಇಷ್ಟು ಹೊತ್ತು ಹೇಳಿದ್ದೆಲ್ಲವೂ, ಹಿಡಿ, ಕಣ್ಣು, ಬೆರಳು, ನಿಲುವು, ಅವನಿಗೆ ಒಟ್ಟಿಗೆ ಹೊಸದಾಯಿತು. ೧೯೩೯ರಲ್ಲಿ ಅವನು ತನ್ನ ದೇಶದ ಪಿಸ್ತೂಲು ಪಂದ್ಯವನ್ನು ಗೆದ್ದನು. ಅದೇ ವರ್ಷ ವಿಶ್ವದ ಪಂದ್ಯದಲ್ಲಿ ಗೆದ್ದ ಹಂಗೆರಿಯ ತಂಡದಲ್ಲಿಯೂ ಇದ್ದನು. ಯುದ್ಧದಿಂದಾಗಿ ೧೯೪೦, ೧೯೪೪ರ ಒಲಿಂಪಿಕ್ ಪಂದ್ಯಗಳು ನಡೆಯಲೇ ಇಲ್ಲ. ೧೯೪೮ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಲಂಡನ್ನಿನ ಪಂದ್ಯದಲ್ಲಿ ವೇಗದ ಪಿಸ್ತೂಲಿನ ಚಿನ್ನದ ಪದಕವನ್ನು ಆರುನೂರಕ್ಕೆ ೫೮೦ ಗಳಿಸಿ ಗೆದ್ದನು. ಅದು ಅಂದಿನ ವಿಶ್ವದಾಖಲೆ. ಪಂದ್ಯಕ್ಕೆ ಮುಂಚೆ ಅರ್ಜೆಂಟೀನಾದ ಹೆಸರಾಂತ ಗುರಿಗಾರನೊಬ್ಬನು, ನೀವು ಇಲ್ಲಿಗೆ ಬಂದದ್ದೇಕೆಂದು ಕೇಳಿದನಂತೆ. ಕಲಿಯುವುದಕ್ಕೆ ಬಂದೆನೆಂದು ತಾಕಾಚ್ ಹೇಳಿದನಂತೆ. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಅವನೇ ಮತ್ತೆ ಗೆದ್ದನು.

ತಾಕಾಚ್ ಗೆದ್ದ ಆ ವೇಗದ ಸ್ಪರ್ಧೆಯಲ್ಲಿಯೇ ೨೦೧೨ರಲ್ಲಿ ನಮ್ಮ ದೇಶದ ವಿಜಯಕುಮಾರರು ಲಂಡನ್ನಿನಲ್ಲಿ ಬೆಳ್ಳಿಯ ಪದಕವನ್ನು ಪಡೆದರು. ನಮ್ಮ ಬೆಂಗಳೂರಿನವರಾದ ಪ್ರಕಾಶ್ ನಂಜಪ್ಪನವರು ಕೆನಡಾ ದೇಶದ ಉದ್ಯೋಗವನ್ನು ಬಿಟ್ಟು ಬಂದು ಪಿಸ್ತೂಲು ಹಿಡಿದವರು. ೨೦೧೩ರಲ್ಲಿ ಕೊರಿಯಾದ ಚಾಂಗ್‌ವನ್ನಿನ ವಿಶ್ವಕಪ್ ಪಂದ್ಯದಲ್ಲಿ ಗಾಳಿಯ ಪಿಸ್ತೂಲಿನಲ್ಲಿ ಕಂಚನ್ನು ಗೆದ್ದರು. ಅದೇ ವರ್ಷ ಮುಖದ ಒಂದು ಪಾರ್ಶ್ವ ಜೋಮುಹಿಡಿದು ಸೋತುಹೋಯಿತು. ಮರುವರ್ಷ ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಪಂದ್ಯಗಳಲ್ಲಿ ಐವತ್ತು ಮೀಟರಿನ ಪ್ರಿಯ ಪಿಸ್ತೂಲಿನಿಂದ ಬೆಳ್ಳಿಯನ್ನು ತಂದರು. ೨೦೧೬ರ ರಿಯೋ ಪಂದ್ಯಗಳಾದ ಮೇಲೆ ಆ ಐವತ್ತು ಮೀಟರಿನ ಸ್ಪರ್ಧೆಯನ್ನೇ ಒಲಿಂಪಿಕ್ ಪಟ್ಟಿಯಿಂದ ತೆಗೆದುಹಾಕಿದರು. ಆ ಪಿಸ್ತೂಲಿಗೆ ಟ್ರಿಗರಿನ ಭಾರದ ಕಟ್ಟಳೆಯಿಲ್ಲ, ಹಿಡಿ ಕೈಯನ್ನು ಸುತ್ತಲೂ ಕವಚದಂತೆ ಅಪ್ಪಿಕೊಂಡಿರುತ್ತದೆ. ಹತ್ತಾರು ವರ್ಷ ಅದರೊಡನೆ ಬಾಳಿದ ಎಷ್ಟೋ ದೇಶಗಳ ಗುರಿಗಾರರು ಬೇರೆ ಪಿಸ್ತೂಲಿಗೆ ಕೈ ಪಳಗಿಸಿಕೊಳ್ಳಬೇಕಾಗಿ ಬಂದಿತು. ತಮ್ಮ ಆಸೆಯಿಂದಲ್ಲ, ಕಮಿಟಿಯೊಂದರ ತೀರ್ಮಾನದಿಂದ.

ಇನ್ನು ಹಳೆಯ ಪಿಸ್ತೂಲನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯಿತು. ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡುತ್ತ ಯಾವುದು ಚೆನ್ನಾಗಿ ಹೊಡೆಯುವುದೋ ಅದನ್ನು ಪಂದ್ಯಕ್ಕೆ ಒಯ್ಯುವೆನೆಂಬ ಯೋಚನೆ ಜಾಣತನದಂತೆ ತೋರುವುದಾದರೂ, ಅದರಿಂದ ಮಣಿಕಟ್ಟು ಎರಡು ಓರೆಗಳ ನಡುವೆ ಯಾವುದನ್ನೂ ಕಲಿಯದೆ ಉಳಿಯುತ್ತದೆ. ಪಂದ್ಯಕ್ಕೆ ಎಂಟು ವಾರವಿದ್ದರೆ ಹೊಸದನ್ನು ಹಿಡಿಯಬಹುದು; ಮೂರು ವಾರ ಮಾತ್ರ ಇದ್ದರೆ ಈ ಸಲಕ್ಕೆ ಹಳೆಯದೇ ಸಾಕು, ಹೊಸದು ಪೆಟ್ಟಿಗೆಯಲ್ಲಿ ಕಾಯಲಿ. ಹೊಸದಕ್ಕೆ ಒಗ್ಗಿದವನು, ಅದೇ ಜಾತಿಯ, ಅದೇ ಹಿಡಿಯ ಇನ್ನೊಂದು ಪಿಸ್ತೂಲು ಜೊತೆಗೆ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಉತ್ತಮ. ೨೦೨೧ರಲ್ಲಿ ಟೋಕಿಯೋದ ಒಲಿಂಪಿಕ್ ಪಂದ್ಯದಲ್ಲಿ, ಹತ್ತೊಂಬತ್ತು ವರ್ಷದ ಮನು ಭಾಕರ್ ಎಂಬ ನಮ್ಮ ಹುಡುಗಿಯ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟುಹೋಯಿತು. ದುರಸ್ತಿಯಲ್ಲಿ ಕೆಲವು ನಿಮಿಷಗಳು ಕಳೆದುವು, ಗಡಿಯಾರ ನಿಲ್ಲಲಿಲ್ಲ, ಅಂತಿಮ ಸುತ್ತು ಸ್ವಲ್ಪದರಲ್ಲಿ ತಪ್ಪಿತು. ಮೂರು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಅದೇ ಹತ್ತು ಮೀಟರಿನ ಗುರಿಯಲ್ಲಿ ಆಕೆ ತಾನೊಬ್ಬಳಾಗಿ ಒಂದು, ಸರಬ್‌ಜೋತ್ ಸಿಂಗರ ಜೊತೆಯಲ್ಲಿ ಇನ್ನೊಂದು, ಹೀಗೆ ಎರಡು ಪದಕಗಳನ್ನು ಪಡೆದಳು. ಪೂರ್ಣ ಪ್ರಮಾಣದ ಪಿಸ್ತೂಲಿನ ಇಪ್ಪತ್ತೈದು ಮೀಟರಿನ ಸ್ಪರ್ಧೆಯಲ್ಲಿ ನಾಲ್ಕನೆಯವಳಾದಳು.